ಬೋಳು ಮರಕ್ಕೆ ಜೀವ ಇದೆಯಾ?

ಮಕ್ಕಳೇ, ಮಾರ್ಚ್ ತಿಂಗಳಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಬಿಡಬೇಡಿ. ಕೋರಮಂಡಲ, ಊರಿಗಾಂ, ಚಾಂಪಿಯನ್ ಎಂದು ಪುಟ್ಟ ಪುಟ್ಟ ಸ್ಟೇಷನ್ನುಗಳು ಬರುತ್ತಾ ಹೋಗುತ್ತವೆ. ದೂರದಲ್ಲಿ ಸೈನೈಡ್ ದಿಬ್ಬಗಳು ಕಾಣಿಸುತ್ತವೆ. ಚಿನ್ನದ ಗಣಿಯಿಂದ ತೆಗೆದ ಕಲ್ಲನ್ನು ಪುಡಿ ಮಾಡಿ, ಚಿನ್ನ ತೆಗೆದುಕೊಂಡು, ಉಳಿದ ಪುಡಿಯನ್ನು ಸುರಿದು ಸುರಿದು ಆದ ದಿಬ್ಬಗಳು ಅವು. ಗಣಿ 2001ರಲ್ಲೇ ಮುಚ್ಚಿತು, ದಿಬ್ಬಗಳು ಮಾತ್ರ ಹಾಗೇ ಇವೆ. ಆದರೆ ಇವತ್ತು ನಾವು ನೋಡಬೇಕಾದದ್ದು ದಿಬ್ಬಗಳನ್ನಲ್ಲ, ಹಳಿಯ ಪಕ್ಕದ ಮರಗಳನ್ನು.

ಒಂದು ಮರ ಫಳಫಳ ಹೊಳೆಯುವ ಹಸಿರು. ಅದರ ಪಕ್ಕದ್ದು ತಾಮ್ರದ ಬಣ್ಣ. ಅದರಾಚೆ ಇರುವುದಕ್ಕೆ ಒಂದೇ ಒಂದು ಎಲೆಯಿಲ್ಲ, ಬರೀ ಕೊಂಬೆ. "ಪಾಪ, ಒಣಗೋಗಿದೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಣಗಿ ಹೋಗಿದೆಯೋ, ಸುಮ್ಮನೆ ಮಲಗಿದೆಯೋ? ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಹತ್ತಿರ ಹೋದರೆ ಮರವೇ ಉತ್ತರ ಹೇಳುತ್ತದೆ. ಕೇಳುವ ರೀತಿ ಗೊತ್ತಿರಬೇಕು, ಅಷ್ಟೆ.

ಮೊದಲು ಒಂದು ಪ್ರಶ್ನೆ. ಮರ ಎಲೆಯನ್ನು ಯಾಕೆ ಬಿಸಾಡುತ್ತದೆ? ಕಾಶ್ಮೀರದ ಚಿನಾರ್ ಮರಗಳು ಚಳಿಗೆ ಹೆದರಿ ಎಲೆ ಉದುರಿಸುತ್ತವೆ. ಅಲ್ಲಿ ಚಳಿಗಾಲದಲ್ಲಿ ನೀರು ಮಂಜುಗಡ್ಡೆಯಾಗುತ್ತದೆ, ಮಂಜುಗಡ್ಡೆಯನ್ನು ಬೇರು ಹೀರಲಾರದು. ನಮ್ಮ ಕೋಲಾರ ಜಿಲ್ಲೆಯಲ್ಲಿ ಅಂಥ ಚಳಿ ಎಲ್ಲಿದೆ? ನಮ್ಮ ಮರಗಳಿಗಿರುವುದು ನೀರಿನ ಚಿಂತೆ. ವರ್ಷಕ್ಕೆ ನಮಗೆ ಬೀಳುವ ಮಳೆ 700 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮಲೆನಾಡಿನ ಆಗುಂಬೆಯಲ್ಲಿ ಅದರ ಹತ್ತರಷ್ಟು ಸುರಿಯುತ್ತದೆ. ನಮ್ಮ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಬಂದು ಮುಗಿಯುತ್ತದೆ. ಆಮೇಲೆ ಜನವರಿ, ಫೆಬ್ರವರಿ, ಮಾರ್ಚ್ ಎಂದರೆ ಆಕಾಶ ಖಾಲಿ.

ಎಲೆಗೂ ನೀರಿಗೂ ಏನು ಸಂಬಂಧ ಎಂದು ಕಣ್ಣಾರೆ ನೋಡಬಹುದು. ಬಿಸಿಲಿರುವ ದಿನ, ಎಲೆ ತುಂಬಿದ ಒಂದು ಹೊಂಗೆ ರೆಂಬೆಗೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಹಾಕಿ, ಬಾಯಿಯನ್ನು ದಾರದಿಂದ ಬಿಗಿಯಾಗಿ ಕಟ್ಟಿ. ಒಂದೆರಡು ಗಂಟೆ ಬಿಟ್ಟು ಹೋಗಿ ನೋಡಿ. ಕವರಿನ ಒಳಗೆ ಹನಿ ಹನಿ ನೀರು ಕೂತಿರುತ್ತದೆ. ಅಷ್ಟೂ ನೀರು ಎಲೆಯಿಂದ ಬಂದದ್ದು. ಎಲೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ, ಅವುಗಳ ಮೂಲಕ ನೀರು ಆವಿಯಾಗಿ ಹೊರಗೆ ಹೋಗುತ್ತಲೇ ಇರುತ್ತದೆ. ನೋಡಿ ಆದ ಮೇಲೆ ಕವರನ್ನು ಬಿಚ್ಚಿಬಿಡಿ, ಮರೆಯಬೇಡಿ.

ಒಂದು ರೆಂಬೆಗೆ ಇಷ್ಟು ಖರ್ಚಾದರೆ ಇಡೀ ಮರಕ್ಕೆ ಎಷ್ಟಾಗಬೇಡ! ಮಳೆ ನಿಂತು ನೆಲ ಒಣಗಿದಾಗ ಮರ ಎಲೆಗಳನ್ನೇ ಕಳಚಿ ಹಾಕುತ್ತದೆ. ಎಲೆ ಹೋದರೆ ಖರ್ಚೂ ಹೋಯಿತು. ಅಂದರೆ ಬೋಳಾಗುವುದು ಮರದ ಸೋಲಲ್ಲ, ಲೆಕ್ಕಾಚಾರ.

ಈಗ ನನಗೆ ತುಂಬಾ ಇಷ್ಟವಾದ ಸಂಗತಿಗೆ ಬರೋಣ. ಎಲೆ ಗಾಳಿಗೆ ಕಿತ್ತುಕೊಂಡು ಬೀಳುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಲ್ಲ. ಎಲೆಯನ್ನು ಮರವೇ ಬೀಳಿಸುತ್ತದೆ. ಎಲೆಯ ತೊಟ್ಟು ಕೊಂಬೆಗೆ ಸೇರುವ ಜಾಗದಲ್ಲಿ ಮರ ಒಂದು ತೆಳು ಪದರವನ್ನು ಸಿದ್ಧ ಮಾಡುತ್ತದೆ. ಆ ಪದರ ಮೆಲ್ಲಗೆ ಸಡಿಲವಾಗುತ್ತಾ ಬರುತ್ತದೆ. ಅದಕ್ಕೂ ಮೊದಲೇ ಎಲೆಯಲ್ಲಿದ್ದ ಸತ್ವದಲ್ಲಿ ಒಂದಷ್ಟನ್ನು ಮರ ವಾಪಸ್ಸು ಎಳೆದುಕೊಂಡಿರುತ್ತದೆ. ಎಲೆ ಹಳದಿಯಾಗುವುದು ಆಗಲೇ. ಇತ್ತ ಕೊಂಬೆಯ ಕಡೆ ಗಾಯ ಆಗದಂತೆ ಬೆಂಡಿನಂಥ ಪದರವೊಂದು ಬಾಯಿ ಮುಚ್ಚುತ್ತದೆ. ಇಷ್ಟೆಲ್ಲ ಕೆಲಸ ಮುಗಿದ ಮೇಲೆ ಸಣ್ಣ ಗಾಳಿ ಬಂದರೂ ಸಾಕು, ಎಲೆ ಉದುರುತ್ತದೆ.

ಯೋಚಿಸಿ ನೋಡಿ. ಇಷ್ಟು ಕೆಲಸ ಮಾಡಬೇಕಾದರೆ ಕೊಂಬೆಗೆ ಜೀವ ಇರಬೇಕಲ್ಲವೇ? ಸತ್ತ ಕೊಂಬೆ ಈ ಪದರ ಕಟ್ಟಲಾರದು. ಹಾಗಾಗಿ ಕೊಂಬೆ ಇದ್ದಕ್ಕಿದ್ದಂತೆ ಸತ್ತರೆ ಅದರ ಎಲೆ ಕಂದಾಗಿ, ಮುದುಡಿ, ಅಲ್ಲೇ ನೇತಾಡುತ್ತದೆ. ಮದುವೆ ಮನೆಯ ಹಸಿರು ಚಪ್ಪರಕ್ಕೆ ಕಟ್ಟಿದ ಮಾವಿನ ರೆಂಬೆಗಳನ್ನು ಮದುವೆ ಮುಗಿದು ಕೆಲವು ದಿನವಾದ ಮೇಲೆ ನೋಡಿದ್ದೀರಾ? ಎಲೆಯೆಲ್ಲ ಒಣಗಿ ಗರಗರ ಎನ್ನುತ್ತಿರುತ್ತದೆ, ಆದರೆ ರೆಂಬೆ ಬಿಟ್ಟಿರುವುದಿಲ್ಲ. ಎಳೆದರೆ ಎಲೆ ಹರಿಯುತ್ತದೆ, ತೊಟ್ಟು ಬಿಡುವುದಿಲ್ಲ. ಬೇವು, ಹುಣಸೆಯಂಥ ಸಣ್ಣೆಲೆಯ ಮರಗಳು ಮಾತ್ರ ಈ ವಿಷಯದಲ್ಲಿ ಸ್ವಲ್ಪ ಮೋಸ ಮಾಡುತ್ತವೆ. ಕಡಿದ ರೆಂಬೆಯಿಂದಲೂ ಅವುಗಳ ಪುಟ್ಟ ಎಲೆಗಳು ಒಣಗಿ ಉದುರಿಬಿಡುತ್ತವೆ.

ಇದರಿಂದ ಒಂದು ತಮಾಷೆಯ ವಿಷಯ ಗೊತ್ತಾಯಿತು. ಹಸಿರು ಮರದ ನಡುವೆ ಒಂದೇ ಕೊಂಬೆಯ ತುಂಬ ಕಂದು ಎಲೆ ಜೋತಾಡುತ್ತಿದ್ದರೆ ಆ ಕೊಂಬೆಯ ಮೇಲೆ ಅನುಮಾನ ಪಡಬೇಕು. ಎಲೆಯನ್ನೆಲ್ಲ ನೀಟಾಗಿ ಉದುರಿಸಿ ಬೋಳಾಗಿ ನಿಂತ ಮರದ ಮೇಲೆ ಅಷ್ಟು ಅನುಮಾನ ಬೇಡ.

ಎಲೆ ಬಿದ್ದ ಜಾಗದಲ್ಲಿ ಗುರುತು ಉಳಿಯುತ್ತದೆ. ಅದನ್ನು ನೋಡಬೇಕೆಂದರೆ ದೇವಕಣಗಿಲೆಯಷ್ಟು ಒಳ್ಳೆಯ ಮರ ಬೇರೆ ಇಲ್ಲ. ದೇವಸ್ಥಾನದ ಅಂಗಳದಲ್ಲಿ, ಹಳೆಯ ಮನೆಗಳ ಮುಂದೆ ಇರುತ್ತದಲ್ಲ, ಬಿಳಿ ಹೂವು, ನಡುವೆ ಹಳದಿ, ಅದೇ. ಬೆರಳಿಗಿಂತ ದಪ್ಪನೆಯ ಅದರ ಬೋಳು ಕೊಂಬೆಯ ಮೈಮೇಲೆ ಅರ್ಧಚಂದ್ರದಂಥ ಗುರುತುಗಳು ಸಾಲುಸಾಲಾಗಿ ಇರುತ್ತವೆ. ಒಂದೊಂದು ಗುರುತೂ ಒಂದೊಂದು ಎಲೆಯ ಜಾಗ. ಬೆರಳಾಡಿಸಿ ನೋಡಿ, ಅಂಚು ಕೂಡ ಸಿಗುತ್ತದೆ. ಆದರೆ ಕೊಂಬೆ ಮುರಿಯಬೇಡಿ. ಮುರಿದರೆ ಬಿಳಿ ಹಾಲು ಸುರಿಯುತ್ತದೆ, ಅದು ಕಣ್ಣಿಗೆ, ಬಾಯಿಗೆ ಒಳ್ಳೆಯದಲ್ಲ. ಈ ಮರದಲ್ಲಿ ಜೀವ ಇದೆಯೋ ಇಲ್ಲವೋ ತಿಳಿಯಲು ಮುಟ್ಟಿದರೆ ಸಾಕು. ಬದುಕಿರುವ ಕೊಂಬೆ ಗಟ್ಟಿಯಾಗಿ ತುಂಬಿಕೊಂಡಿರುತ್ತದೆ. ಸತ್ತದ್ದು ಸುಕ್ಕುಗಟ್ಟಿ, ಒತ್ತಿದರೆ ಒಳಗೆ ಟೊಳ್ಳು.

ಸಾಮಾನ್ಯವಾಗಿ ಎಲೆಯ ಗುರುತಿನ ಸ್ವಲ್ಪ ಮೇಲೆಯೇ ಮೊಗ್ಗು ಇರುತ್ತದೆ. ಹೂವಿನ ಮೊಗ್ಗಲ್ಲ, ಚಿಗುರಿನ ಮೊಗ್ಗು. ಎಷ್ಟೋ ಸಲ ಅದು ಸಾಸಿವೆ ಕಾಳಿಗಿಂತ ದೊಡ್ಡದಿರುವುದಿಲ್ಲ, ಮೂಗು ತಾಗುವಷ್ಟು ಹತ್ತಿರ ಹೋಗಬೇಕು. ಅದು ಉಬ್ಬಿಕೊಂಡು ಗಟ್ಟಿಯಾಗಿದ್ದರೆ ಒಳಗೆ ಮುಂದಿನ ಎಲೆಗಳು ಮಡಚಿಕೊಂಡು ಕೂತಿವೆ ಎಂದು ಅರ್ಥ. ಉಗುರು ತಾಗಿಸಿದ ಕೂಡಲೇ ಪುಡಿಯಾಗಿ ಉದುರಿದರೆ ಆ ರೆಂಬೆಯಿಂದ ಏನೂ ಬರಲಾರದು.

ಮೊಗ್ಗು ಕಾಣದಿದ್ದರೆ ತೊಗಟೆಯನ್ನು ಕೇಳೋಣ. ಅಡುಗೆಮನೆಗೆ ಹೋಗಿ ಒಂದು ಹಸಿ ಶುಂಠಿ, ಒಂದು ಒಣ ಶುಂಠಿ ತನ್ನಿ. ಮೇಲಿನಿಂದ ಎರಡೂ ಮಣ್ಣು ಬಣ್ಣ, ಎರಡೂ ಸುಕ್ಕು. ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಹಸಿ ಶುಂಠಿಯ ಸಿಪ್ಪೆ ಜಾರಿ ಒಳಗೆ ತೇವ ಸಿಗುತ್ತದೆ, ಘಂ ಎನ್ನುತ್ತದೆ. ಒಣ ಶುಂಠಿಗೆ ಉಗುರೇ ಇಳಿಯುವುದಿಲ್ಲ. ಬೋಳು ಮರದ ಎಳೆ ರೆಂಬೆಯನ್ನೂ ಹೀಗೇ ಕೆರೆದು ನೋಡಬೇಕು. ಅಕ್ಕಿ ಕಾಳಿನಷ್ಟು ಜಾಗ ಸಾಕು, ಅದಕ್ಕಿಂತ ಹೆಚ್ಚು ಬೇಡ. ಕಂದು ತೊಗಟೆಯ ಕೆಳಗೆ ಹಸಿರು ಕಂಡು, ಮುಟ್ಟಿದರೆ ತಣ್ಣಗೆ ತೇವವಾಗಿದ್ದರೆ, ಮರ ಮಲಗಿದೆ. ಒಣಕಲು ಕಂದು ಬಣ್ಣವೇ ಕಂಡರೆ ಆ ರೆಂಬೆ ಸತ್ತಿದೆ.

ಅಲ್ಲಿ ಹಸಿರು ಎಲ್ಲಿಂದ ಬಂತು? ಎಲೆಯಲ್ಲಿರುವ ಅದೇ ಪತ್ರಹರಿತ್ತು. ಎಳೆ ರೆಂಬೆಯ ತೊಗಟೆಯೊಳಗೂ ಅದು ಸ್ವಲ್ಪ ಇರುತ್ತದೆ. ಎಲೆ ಇಲ್ಲದ ದಿನಗಳಲ್ಲೂ ತೊಗಟೆ ದಾಟಿ ಬರುವ ಚೂರುಪಾರು ಬೆಳಕಿನಲ್ಲಿ ಅದು ತನ್ನ ಕೈಲಾದಷ್ಟು ಅಡುಗೆ ಮಾಡುತ್ತಾ ಇರುತ್ತದೆ.

"ರೆಂಬೆ" ಎಂದು ಹೇಳಿದೆನಲ್ಲ, "ಮರ" ಎನ್ನಲಿಲ್ಲ. ಬೇಕೆಂದೇ ಹಾಗೆ ಹೇಳಿದ್ದು. ಮರ ನಮ್ಮ ಹಾಗೆ ಒಂದೇ ಸಲ ಸಾಯುವುದಿಲ್ಲ. ತುದಿ ಸತ್ತು ಬುಡ ಬದುಕಿರಬಹುದು, ಒಂದು ಪಕ್ಕ ಸತ್ತು ಇನ್ನೊಂದು ಪಕ್ಕ ಚಿಗುರಬಹುದು. ತುದಿಯಲ್ಲಿ ಹಸಿರು ಸಿಗದಿದ್ದರೆ ಒಂದು ಗೇಣು ಕೆಳಗೆ ಕೆರೆಯಿರಿ, ಅಲ್ಲೂ ಇಲ್ಲದಿದ್ದರೆ ಇನ್ನೂ ಕೆಳಗೆ. ಹಸಿರು ಶುರುವಾಗುವ ಜಾಗ ಸಿಕ್ಕಿತೆಂದರೆ, ಮುಂದೆ ಚಿಗುರು ಹೊರಡುವುದು ಅಲ್ಲಿಂದ ಕೆಳಗೆ.

ಕೆಲವರು ರೆಂಬೆಯನ್ನು ಬಗ್ಗಿಸಿ ನೋಡುತ್ತಾರೆ. ಬಾಗಿದರೆ ಜೀವ ಇದೆ, ಲಟಕ್ಕೆಂದರೆ ಇಲ್ಲ. ಬಹಳ ಮರಗಳಿಗೆ ಇದು ಸರಿ. ನುಗ್ಗೆಯ ಹತ್ತಿರ ಮಾತ್ರ ನಡೆಯುವುದಿಲ್ಲ. ನುಗ್ಗೆ ಎಷ್ಟೇ ಹಸಿಯಾಗಿದ್ದರೂ ಲಟಕ್ಕನೆ ಮುರಿಯುತ್ತದೆ. ಅದಕ್ಕೇ ನುಗ್ಗೆ ಮರ ಹತ್ತಬೇಡಿ ಎಂದು ಮನೆಯಲ್ಲಿ ಬೈಯುವುದು.

ಬೇರೆ ಬೇರೆ ಮರಗಳಿಗೆ ಬೇರೆ ಬೇರೆ ಕ್ಯಾಲೆಂಡರ್ ಇದೆ, ಅದನ್ನೂ ತಿಳಿದಿರಬೇಕು. ಹೊಂಗೆ ಹೆಚ್ಚು ದಿನ ಬೋಳಾಗಿರುವುದಿಲ್ಲ. ಹಳೆ ಎಲೆ ಉದುರಿತು ಎನ್ನುವಷ್ಟರಲ್ಲಿ ಎಣ್ಣೆ ಹಚ್ಚಿದಂಥ ಹೊಸ ಎಲೆ. ಬೇವು ತಾಮ್ರದ ಚಿಗುರು ಬಿಟ್ಟು, ಹೂವಾಗಿ, ಯುಗಾದಿಯ ಬೇವುಬೆಲ್ಲಕ್ಕೆ ಸರಿಯಾಗಿ ಬರುತ್ತದೆ. ಮುತ್ತುಗ, ಬೂರುಗ ಎಲೆಯಿಲ್ಲದ ಮೈತುಂಬ ಕೆಂಪು ಹೂವು ಬಿಡುತ್ತವೆ. ಅವನ್ನು ಯಾರೂ ಸತ್ತಿವೆ ಎನ್ನುವುದಿಲ್ಲ ಬಿಡಿ. ನೀವು ಕಾಯಿಯನ್ನೇ ಕತ್ತಿ ಮಾಡಿಕೊಂಡು ಯುದ್ಧ ಆಡುವ ಗುಲ್‌ಮೊಹರ್ ಮಾರ್ಚ್ ಪೂರ್ತಿ ಒಣಗಿದ ಹಾಗೇ ನಿಂತಿದ್ದು, ಬೇಸಿಗೆ ರಜೆಯಲ್ಲಿ ಕೆಂಪಾಗುತ್ತದೆ. ತೇಗವಂತೂ ಮಹಾ ಸೋಮಾರಿ. ಎಲ್ಲ ಮರಗಳೂ ಎದ್ದು ಹಸಿರುಟ್ಟ ಮೇಲೂ ಅದು ಮಳೆಯ ದಾರಿ ನೋಡುತ್ತಾ ಬೋಳಾಗಿಯೇ ನಿಂತಿರುತ್ತದೆ. ಏಪ್ರಿಲಿನಲ್ಲಿ ಬೋಳು ಹೊಂಗೆಯನ್ನು ಕಂಡರೆ ಚಿಂತೆ ಮಾಡಬೇಕು, ಬೋಳು ತೇಗವನ್ನು ಕಂಡರೆ ಚಿಂತೆ ಬೇಡ.

ನಿಮ್ಮಲ್ಲಿ ಚುರುಕಾದವರು ಇಷ್ಟು ಹೊತ್ತಿಗೆ ಕೇಳಬೇಕಿತ್ತು: ನೀರಿಲ್ಲ ಎಂದು ಎಲೆ ಉದುರಿಸಿದ ಹೊಂಗೆ, ಇನ್ನೂ ಮಳೆಯೇ ಬಾರದೆ ಉರಿಬಿಸಿಲಿನಲ್ಲಿ ಚಿಗುರಿದ್ದು ಹೇಗೆ? ಒಳ್ಳೆಯ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಮರದ ಬೇರು ಅಷ್ಟು ಆಳಕ್ಕೆ ಹೋಗುವುದಿಲ್ಲ. ಆದರೆ ಮೇಲಿನ ಮಣ್ಣು ಒಣಗಿ ಬಿರಿದರೂ ಕೆಳಗೆ ಬಂಡೆಯ ಸೀಳುಗಳಲ್ಲಿ ಸ್ವಲ್ಪ ತೇವ ಉಳಿದಿರುತ್ತದೆ. ಬೇರು ಅದನ್ನು ತೊಟ್ಟು ತೊಟ್ಟಾಗಿ ಹೀರುತ್ತದೆ. ಎಲೆ ಇದ್ದಾಗ ಆ ನೀರು ಅಂದಂದೇ ಆವಿಯಾಗಿ ಹೋಗುತ್ತಿತ್ತು. ಈಗ ಎಲೆ ಇಲ್ಲವಲ್ಲ, ಬಂದ ನೀರು ಕಾಂಡದಲ್ಲೇ ನಿಲ್ಲುತ್ತದೆ. ಒಣಗಿದ್ದ ಕಾಂಡ ದಿನೇ ದಿನೇ ಮತ್ತೆ ತುಂಬಿಕೊಳ್ಳುತ್ತದೆ. ಸಾಕಷ್ಟು ತುಂಬಿದ ಮೇಲೆ ಮೊಗ್ಗು ಒಡೆಯುತ್ತದೆ. ಹೊರಗಿನಿಂದ ನಾವು ನೋಡುವಾಗ ಮರ ಏನೂ ಮಾಡುತ್ತಿಲ್ಲ ಅನ್ನಿಸುತ್ತದೆ. ಒಳಗೆ ನೀರು ಕೂಡಿಡುವ ಕೆಲಸ ನಡೆದೇ ಇರುತ್ತದೆ.

ಕಾಂಡದ ವಿಷಯ ಬಂತಲ್ಲ, ಇನ್ನೊಂದು ಆಶ್ಚರ್ಯ ಹೇಳಿಬಿಡುತ್ತೇನೆ. ಚೆನ್ನಾಗಿ ಬದುಕಿರುವ ದೊಡ್ಡ ಮರದ ಕಾಂಡದಲ್ಲೂ ಬಹುಪಾಲು ಸತ್ತ ಕಟ್ಟಿಗೆಯೇ. ನಡುವಿನ ಗಟ್ಟಿ ಭಾಗ ಮರವನ್ನು ನೆಟ್ಟಗೆ ನಿಲ್ಲಿಸಲು ಇರುವುದು. ಬೆಳೆಯುವ ಜೀವ ಇರುವುದು ತೊಗಟೆಗೆ ಅಂಟಿಕೊಂಡ ತೆಳು ಪದರದಲ್ಲಿ. ವರ್ಷ ವರ್ಷ ಮರ ದಪ್ಪವಾಗುವುದೂ ಅದರಿಂದಲೇ.

ಅದಕ್ಕೇ ಹೊಟ್ಟೆ ಟೊಳ್ಳಾದ ಹುಣಸೆ ಮರ ಕೂಡ ವರ್ಷಾ ವರ್ಷ ಕಾಯಿ ಬಿಡುತ್ತದೆ. ದೇವನಹಳ್ಳಿಯ ಹತ್ತಿರ ನಲ್ಲೂರು ಎಂಬ ಊರಿದೆ. ಅಲ್ಲಿ 54 ಎಕರೆಯಲ್ಲಿ ಒಂದು ಹಳೆಯ ಹುಣಸೆ ತೋಪು. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದರು. ದೇಶದಲ್ಲೇ ಅಂಥ ಮೊದಲ ತಾಣ ಅದು. ಶಾಲೆಯಿಂದ ಪ್ರವಾಸ ಹೋಗುವುದಾದರೆ ಮೇಷ್ಟ್ರಿಗೆ ಅದರ ಹೆಸರು ಹೇಳಿ. ನಿಮ್ಮಂಥವರು ಒಳಗೆ ನುಸುಳಿ ನಿಲ್ಲಬಹುದಾದಷ್ಟು ಟೊಳ್ಳಾದ ಕಾಂಡಗಳು ಅಲ್ಲಿವೆ, ತಲೆ ಎತ್ತಿದರೆ ಮೇಲೆ ಹಸಿರು ಸೊಪ್ಪು. ಬೆಂಗಳೂರಿನ ಪಕ್ಕದ ದೊಡ್ಡ ಆಲದ ಮರದ ಕಥೆ ಇನ್ನೂ ವಿಚಿತ್ರ. ಅದರ ಮೂಲ ಕಾಂಡ ರೋಗ ಬಂದು ಹೋಗಿಯೇ ಬಿಟ್ಟಿದೆ. ಮರ ಬಿಳಲುಗಳ ಮೇಲೆ ನಿಂತು ಎಕರೆಗಟ್ಟಲೆ ಹರಡಿದೆ.

ಒಳಗೆ ಟೊಳ್ಳಾದರೂ ಚಿಂತೆಯಿಲ್ಲ, ಆದರೆ ಹೊರಗಿನ ತೊಗಟೆಯನ್ನು ಸುತ್ತಲೂ ಬಳೆಯ ಹಾಗೆ ಸುಲಿದರೆ ದೊಡ್ಡ ಮರವೂ ಉಳಿಯುವುದು ಕಷ್ಟ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಮೈಯಲ್ಲಿ. ದಾರಿ ಕಡಿದರೆ ಬೇರು ಉಪವಾಸ. ರಾಬರ್ಟ್‌ಸನ್‌ಪೇಟೆಯಾಗಲಿ ಬಂಗಾರಪೇಟೆಯಾಗಲಿ, ಪೇಟೆ ಬೀದಿಯ ಮರಕ್ಕೆ ಬೋರ್ಡು ಕಟ್ಟಲು ಬಿಗಿದ ತಂತಿ ಮಾಡುವುದೂ ಇದನ್ನೇ. ಮರ ದಪ್ಪವಾಗುತ್ತಾ ಹೋದ ಹಾಗೆ ತಂತಿ ಒಳಗೆ ಇಳಿಯುತ್ತಾ ಹೋಗುತ್ತದೆ. ಬೋಳು ಮರ ಕಂಡಾಗ ಅದರ ಸೊಂಟವನ್ನೂ ಒಂದು ಸುತ್ತು ನೋಡಿ.

ಗೆದ್ದಲು ಕಂಡ ತಕ್ಷಣ ಮಾತ್ರ ತೀರ್ಪು ಕೊಡಬೇಡಿ. ನಮ್ಮ ಕೆಂಪು ನೆಲದಲ್ಲಿ ಗೆದ್ದಲು ಮರದ ಮೈಗೆ ಮಣ್ಣು ಮೆತ್ತಿಕೊಂಡು ಮೇಲೆ ಹತ್ತುವುದು ಮಾಮೂಲು. ಎಷ್ಟೋ ಸಲ ಅದು ತಿನ್ನುವುದು ಹೊರಗಿನ ಸತ್ತ ತೊಗಟೆಯನ್ನಷ್ಟೆ. ಒಂದು ಕಡ್ಡಿಯಿಂದ ಮಣ್ಣನ್ನು ಸರಿಸಿ ನೋಡಿದರೆ ಕೆಳಗೆ ತೊಗಟೆ ಗಟ್ಟಿಯಾಗಿರುವುದು ಕಾಣುತ್ತದೆ.

ಮೇಲೆ ಪೂರ್ತಿ ಸತ್ತ ಮರವೂ ಬುಡದಿಂದ ಏಳಬಹುದು. ಇದನ್ನು ನಿಮಗೆ ಹೇಳಿಕೊಡಬೇಕಾಗಿಯೇ ಇಲ್ಲ. ರೇಷ್ಮೆ ಸಾಕುವ ಮನೆಯವರಾದರೆ ಹಿಪ್ಪುನೇರಳೆಯನ್ನು ಬುಡದವರೆಗೆ ಕಟಾವು ಮಾಡುವುದನ್ನು ನೋಡಿಯೇ ಇರುತ್ತೀರಿ. ಮೊಣಕಾಲಿನಷ್ಟೂ ಎತ್ತರವಿಲ್ಲದ ಮೊಂಡು ಕಡ್ಡಿಗಳು, ಕೆಲವೇ ದಿನಗಳಲ್ಲಿ ಅವುಗಳ ಪಕ್ಕೆಯಿಂದ ಚಿಗುರು. ಕಡಿದ ನೀಲಗಿರಿಯ ಬೊಡ್ಡೆಯಿಂದಲೂ ಹೀಗೇ ಒಂದು ಗುಂಪು ಹೊಸ ಕಾಂಡ ಬರುತ್ತದೆ. ತೊಗಟೆಯ ಕೆಳಗೆ ವರ್ಷಗಟ್ಟಲೆ ಮಲಗಿರುವ ಮೊಗ್ಗುಗಳಿರುತ್ತವೆ. ಮೇಲಿನ ಕೊಂಬೆಗಳು ಚೆನ್ನಾಗಿರುವವರೆಗೂ ಅವು ಏಳುವುದಿಲ್ಲ. ಮೇಲಿನದು ಹೋಯಿತೋ, ಇವುಗಳ ಸರದಿ.

1945ರಲ್ಲಿ ಜಪಾನಿನ ಹಿರೋಷಿಮಾ ನಗರದ ಮೇಲೆ ಅಣುಬಾಂಬು ಬಿತ್ತು. ಬಾಂಬು ಬಿದ್ದ ಜಾಗದಿಂದ ಸುಮಾರು 1.3 ಕಿಲೋಮೀಟರ್ ದೂರದಲ್ಲಿ ಅಂಚೆ-ತಂತಿ ಇಲಾಖೆಯ ಅಂಗಳದಲ್ಲಿದ್ದ ಅಓಗಿರಿ ಎಂಬ ಜಾತಿಯ ಮರಗಳು ಸುಟ್ಟು, ಒಂದು ಪಕ್ಕ ಕರಕಲಾದವು. ಮುಂದಿನ ವಸಂತದಲ್ಲಿ ಅವು ಚಿಗುರಿದವು! ಆಮೇಲೆ 1973ರಲ್ಲಿ ಆ ಮರಗಳನ್ನು ಅಲ್ಲಿನ ಶಾಂತಿ ಉದ್ಯಾನಕ್ಕೆ ತಂದು ನೆಟ್ಟರು. ಮರದ ಒಂದು ಪಕ್ಕದ ಗಾಯವನ್ನು ನಂತರವೂ ಜನ ಹೋಗಿ ನೋಡುತ್ತಿದ್ದರು.

ಹಾಗಾದರೆ ಮರ ಸತ್ತಿದೆ ಎಂದು ಹೇಳುವುದು ಯಾವಾಗ? ನನ್ನ ಮಾತು ಕೇಳುವುದಾದರೆ, ಮುಂಗಾರಿನ ಒಂದೆರಡು ಒಳ್ಳೆಯ ಮಳೆ ಆಗುವವರೆಗೂ ಹೇಳಬೇಡಿ. ಅಲ್ಲಿಯವರೆಗೆ ಸ್ಕೂಲಿನ ದಾರಿಯಲ್ಲಿ ಒಂದು ಬೋಳು ಮರವನ್ನು ನಿಮ್ಮದು ಎಂದು ಮಾಡಿಕೊಳ್ಳಿ, ಕೈಗೆ ಎಟುಕುವ ರೆಂಬೆಯೊಂದಕ್ಕೆ ಸಡಿಲವಾಗಿ ಬಣ್ಣದ ದಾರ ಕಟ್ಟಿ. ವಾರಕ್ಕೊಮ್ಮೆ ಆ ರೆಂಬೆಯ ಮೊಗ್ಗನ್ನು ನೋಡಿ ನೋಟ್‌ಬುಕ್ಕಿನಲ್ಲಿ ಅದರ ಚಿತ್ರ ಬರೆಯಿರಿ. ಚಿತ್ರ ಚೆನ್ನಾಗಿ ಬರಬೇಕೆಂದೇನೂ ಇಲ್ಲ, ಕಳೆದ ವಾರಕ್ಕಿಂತ ದಪ್ಪವಾಗಿದೆಯೋ ಇಲ್ಲವೋ ಗೊತ್ತಾದರೆ ಸಾಕು. ಮಳೆ ಬಿದ್ದ ಮೇಲೂ ಮೊಗ್ಗಿಲ್ಲ, ಬುಡದ ಹತ್ತಿರ ಕೆರೆದರೂ ಕಂದು, ತೊಗಟೆ ತಾನಾಗಿ ಹಪ್ಪಳದಂತೆ ಕಳಚಿ ಬರುತ್ತಿದೆ ಎಂದಾದರೆ ಆಗ ಸತ್ತಿದೆ ಎನ್ನಿ. ಅಂಥ ಮರದ ಕೆಳಗೆ ಆಡಬೇಡಿ, ಗಾಳಿಗೆ ಕೊಂಬೆ ಬೀಳುತ್ತದೆ. ರಸ್ತೆ ಬದಿಯಲ್ಲಿದ್ದರೆ ದೊಡ್ಡವರಿಗೆ ತಿಳಿಸಿ.

ಸತ್ತ ಕೊಂಬೆಯನ್ನು ನಮಗಿಂತ ಚೆನ್ನಾಗಿ ಗುರುತಿಸುವವರು ಒಬ್ಬರಿದ್ದಾರೆ. ಬೇಸಿಗೆಯ ಮಧ್ಯಾಹ್ನ ಎಲ್ಲೋ ದೂರದಲ್ಲಿ ಟಂಕ್ ಟಂಕ್ ಎಂದು ಬಿಡದೆ ಕೇಳಿಸುತ್ತದಲ್ಲ, ಅದು ಚೆಂಬುಕುಟಿಗ ಹಕ್ಕಿ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಹಸಿರು ಮೈ, ಹಣೆಯ ಮೇಲೆ ಕೆಂಪು. ಗೂಡಿಗೆ ಅದು ಆರಿಸುವುದು ಹೆಚ್ಚಾಗಿ ಒಣಗಿ ಮೆತ್ತಗಾದ ಕೊಂಬೆಯನ್ನು. ಹಸಿ ಕಟ್ಟಿಗೆ ಅದರ ಕೊಕ್ಕಿಗೆ ಬಲು ಗಟ್ಟಿ. ಕೊಂಬೆಯ ಹೊಟ್ಟೆಯ ಕಡೆ, ನೆಲಕ್ಕೆ ಮುಖ ಮಾಡಿ ಒಂದು ದುಂಡನೆಯ ತೂತು ಕೊರೆಯುತ್ತದೆ, ಮಳೆ ಬಂದರೂ ಒಳಗೆ ನೀರು ಇಳಿಯದ ಹಾಗೆ. ಉಳಿದ ಮರವೆಲ್ಲ ಹಸಿರಾಗಿದ್ದರೂ ತೂತು ಇರುವ ಆ ಕೊಂಬೆಯನ್ನು ಸತ್ತಿದೆ ಎಂದೇ ಬರೆದುಕೊಳ್ಳಿ. ಕೆರೆದು ನೋಡಲು ಹೋಗಬೇಡಿ, ಒಳಗೆ ಮರಿಗಳಿರಬಹುದು.